ಫೀಸು ಕೇಳಿದ ಮೇಷ್ಟ್ರು

ಕೇಳುಗರೆಲ್ಲರಿಗೂ ನಮಸ್ಕಾರ.

1937ರ ಜನವರಿ. ಮೈಸೂರಿನಲ್ಲಿ ವೈಎಂಸಿಎ ಸಂಸ್ಥೆಯ ವಿಶ್ವ ಸಮ್ಮೇಳನ. ಅಮೆರಿಕದಿಂದ ಬಂದವರಲ್ಲಿ ಬೆಂಜಮಿನ್ ಮೇಸ್ ಎಂಬ ಕಪ್ಪು ಜನಾಂಗದ ಮೇಷ್ಟ್ರೂ ಇದ್ದರು. ಅಲ್ಲಿಗೆ ಹತ್ತಿರದ ಹಳ್ಳಿಯೊಂದರ ದಲಿತ ಮಕ್ಕಳ ಶಾಲೆಗೆ ಅವರನ್ನು ಮಾತಾಡಲು ಕರೆದರು. ಮುಖ್ಯೋಪಾಧ್ಯಾಯರು ಪರಿಚಯ ಮಾಡುತ್ತಾ, ಇವರೂ ಅಮೆರಿಕದ ಅಸ್ಪೃಶ್ಯರೇ ಎಂದುಬಿಟ್ಟರು. ಮೇಸ್ ತಬ್ಬಿಬ್ಬಾದರು. ಆಮೇಲೆ ಅವರಿಗೇ ಅನ್ನಿಸಿತು, ಹೌದಲ್ವಾ, ನನ್ನ ದೇಶದಲ್ಲಿ ನನ್ನ ಪಾಡೂ ಅದೇ ತಾನೆ ಅಂತ.

ಮೇಸ್ ಅವರ ಅಪ್ಪ ಅಮ್ಮ ಹುಟ್ಟಿದ್ದು ಗುಲಾಮರಾಗಿ. ದಕ್ಷಿಣ ಕ್ಯಾರೊಲಿನಾದಲ್ಲಿ ಬೇರೆಯವರ ಹೊಲದಲ್ಲಿ ಹತ್ತಿ ಬೆಳೆದು ಬದುಕಿದ ಮನೆ. ಹುಡುಗ ಓದಬೇಕೆಂದು ಹಟ ಹಿಡಿದ. ಕೈಯಲ್ಲಿ ಕಾಸಿಲ್ಲ. ಖರ್ಚು ತೂಗಿಸಲು ಓದುತ್ತಿದ್ದ ಶಾಲೆಯ ಪಾಯಖಾನೆಗಳನ್ನೇ ರಾತ್ರಿ ಹೊತ್ತು ತೊಳೆದ. ಆ ಹಳ್ಳಿಯ ಮಕ್ಕಳ ಮುಂದೆ ನಿಂತಿದ್ದಾಗ ಅವರಿಗೆ ಆ ರಾತ್ರಿಗಳು ನೆನಪಾದವೋ ಏನೋ. ನನಗಂತೂ ಅದೇ ನೆನಪಾಗುತ್ತದೆ.

1940ರಲ್ಲಿ ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಬಿಳಿಯರ ಕಾಲೇಜುಗಳು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಕಪ್ಪು ಜನರಿಗಾಗಿಯೇ ಕಟ್ಟಿದ ಇಂಥ ಕಾಲೇಜುಗಳು ಅಲ್ಲಿ ಇಂದಿಗೂ ಸುಮಾರು ನೂರಿವೆ. ಈಗ ಯಾರು ಬೇಕಾದರೂ ಸೇರಬಹುದು. ಮೇಸ್ ಕೈಗೆ ಬಂದಾಗ ಮೋರ್‌ಹೌಸ್‌ಗೆ ದುಡ್ಡಿನ ಮುಗ್ಗಟ್ಟು. ಬಾಕಿ ಫೀಸಿಗಾಗಿ ಅವರು ಹುಡುಗರ ಬೆನ್ನು ಹತ್ತಿದರು. ಹುಡುಗರು ಅವರಿಗೆ 'ಬಕ್ ಬೆನ್ನಿ' ಅಂತ ಅಡ್ಡಹೆಸರಿಟ್ಟರು. ಬಕ್ ಅಂದರೆ ಅಲ್ಲಿನ ಆಡುಮಾತಿನಲ್ಲಿ ಡಾಲರು. ಪಾಯಖಾನೆ ತೊಳೆದು ಓದಿದ ಮನುಷ್ಯ, ತನ್ನಂಥದೇ ಮನೆಗಳಿಂದ ಬಂದ ಹುಡುಗರನ್ನು ಫೀಸು ಕಟ್ಟು ಅಂತ ಕೇಳಬೇಕಾಗಿ ಬಂತು. ಎಂಥ ಸಂಕಟ ನೋಡಿ. ಕೇಳದಿದ್ದರೆ ಕಾಲೇಜೇ ಉಳಿಯುವುದಿಲ್ಲ!

ಇಂಥ ಎಲ್ಲ ಕಾಲೇಜುಗಳದೂ ಅದೇ ಗೋಳು. 1943ರಲ್ಲಿ ಟಸ್ಕೀಗಿ ಎಂಬ ಇಂಥದೇ ಸಂಸ್ಥೆಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್ ಪತ್ರಿಕೆಯಲ್ಲಿ ಬರೆದರು: ಒಬ್ಬೊಬ್ಬರೇ ಕೈಚಾಚುವುದು ಬೇಡ, ಎಲ್ಲರೂ ಸೇರಿ ಕೇಳೋಣ. ಮರುವರ್ಷ 27 ಕಾಲೇಜುಗಳು ಕೂಡಿ ಯುನೈಟೆಡ್ ನೀಗ್ರೊ ಕಾಲೇಜ್ ಫಂಡ್ ಹುಟ್ಟಿತು. ಮೊದಲ ಸಲಕ್ಕೇ 7,65,000 ಡಾಲರ್ ಕೂಡಿತು. ಅದೇ 1944ರಲ್ಲಿ 15 ವರ್ಷದ ಹುಡುಗನೊಬ್ಬ ಮೋರ್‌ಹೌಸ್‌ಗೆ ಸೇರಿದ. ಮೇಸ್ ಅವರನ್ನು ಗುರು ಎಂದುಕೊಂಡ. ಅವನೇ ಮಾರ್ಟಿನ್ ಲೂಥರ್ ಕಿಂಗ್.

ಆ ಫಂಡ್ ಇವತ್ತಿಗೂ ವಿದ್ಯಾರ್ಥಿವೇತನ ಕೊಡುತ್ತಿದೆ. ಆದರೆ ಕೊರತೆ ದೊಡ್ಡದು. ಇಂಥ ಕಾಲೇಜುಗಳಲ್ಲಿ ಓದುವ ಹೆಚ್ಚಿನ ಮಕ್ಕಳು ಬಡವರಿಗೆಂದೇ ಇರುವ ಪೆಲ್ ಗ್ರ್ಯಾಂಟ್ ಎಂಬ ಸರ್ಕಾರಿ ನೆರವು ಪಡೆಯುವವರು. 2024ರಲ್ಲಿ ಅದು ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್ ಇತ್ತು. ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲಕ್ಕೂ ಅದು ಎಲ್ಲಿ ಸಾಲುತ್ತದೆ? ಮಿಕ್ಕಿದ್ದಕ್ಕೆ ಸಾಲ. ಮಕ್ಕಳೂ ಮಾಡುತ್ತಾರೆ, ಅಪ್ಪ ಅಮ್ಮನೂ ಮಾಡುತ್ತಾರೆ. ಸರ್ಕಾರಿ ಕಾಲೇಜುಗಳಿಗೂ ಅನ್ಯಾಯವಾಗಿದೆ. ಕಪ್ಪು ಜನರ ಕೃಷಿ ವಿಶ್ವವಿದ್ಯಾಲಯಗಳಿಗೆ 16 ರಾಜ್ಯಗಳು ಮೂರು ದಶಕಗಳಲ್ಲಿ 1,200 ಕೋಟಿ ಡಾಲರ್‌ಗೂ ಜಾಸ್ತಿ ಕಡಿಮೆ ಕೊಟ್ಟಿವೆ ಎಂದು 2023ರಲ್ಲಿ ಅಲ್ಲಿನ ಕೇಂದ್ರ ಸರ್ಕಾರವೇ ಪತ್ರ ಬರೆದು ಹೇಳಿತು.

ಹಾಗಾಗಿ, ಮಕ್ಕಳಿಗೆ ಕಾಲೇಜಿಗೆ ಸೇರುವಾಗ ಕೊಡುವ ನೆರವಿಗಿಂತ ಕೊನೆ ವರ್ಷದಲ್ಲಿ ಕೊಡುವ ನೆರವೇ ಹೆಚ್ಚು ಬೆಲೆಯದು ಅಂತ ನಾನು ನಂಬಿದ್ದೇನೆ. ಮೂರು ವರ್ಷ ಓದಿ, ಸಣ್ಣ ಬಾಕಿಗಾಗಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗುವ ಹುಡುಗಿಗೆ ಡಿಗ್ರಿ ಇಲ್ಲ, ಸಾಲ ಮಾತ್ರ ಉಂಟು.

2019ರ ಮೇ ತಿಂಗಳಲ್ಲಿ ಅದೇ ಮೋರ್‌ಹೌಸ್‌ನಲ್ಲಿ ಪದವಿ ಪ್ರದಾನ. ಗೌನು ಹಾಕಿಕೊಂಡು ಕೂತಿದ್ದವರು ಸುಮಾರು 400 ಹುಡುಗರು. ಅತಿಥಿಯಾಗಿ ಬಂದಿದ್ದ ಉದ್ಯಮಿ ರಾಬರ್ಟ್ ಸ್ಮಿತ್ ಭಾಷಣದ ಮಧ್ಯೆ, ನಿಮ್ಮೆಲ್ಲರ ಓದಿನ ಸಾಲ ನಮ್ಮ ಕುಟುಂಬ ತೀರಿಸುತ್ತದೆ ಎಂದರು. ಹುಡುಗರು ಮುಖ ಮುಖ ನೋಡಿಕೊಂಡರು, ಆಮೇಲೆ ಕುಣಿದಾಡಿದರು. ಅಪ್ಪ ಅಮ್ಮಂದಿರ ಸಾಲವೂ ಸೇರಿ 3.4 ಕೋಟಿ ಡಾಲರ್ ಆಯಿತು. ಅವರಿಗಿಂತ ಒಂದೇ ವರ್ಷ ಹಿಂದಿದ್ದ ಹುಡುಗರ ಸಾಲ ಮಾತ್ರ ಹಾಗೇ ಉಳಿಯಿತು.

ನಮಸ್ಕಾರ.