14 ಇಂಚಿನ ಬ್ಯಾಂಡ್ ಸಾಗೆ ದಿನಬಳಕೆಯ ಬ್ಲೇಡ್

ಎಲ್ಲರಿಗೂ ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ನನ್ನ ಕಾರ್ಯಾಗಾರದ ಬ್ಯಾಂಡ್ ಸಾ, ಅಂದರೆ ಬಳೆಯಂತೆ ಬೆಸೆದ ಉದ್ದನೆಯ ಬ್ಲೇಡ್ ಎರಡು ಚಕ್ರಗಳ ಮೇಲೆ ಸುತ್ತುತ್ತಾ ಮರ ಕೊಯ್ಯುವ ಗರಗಸ ಯಂತ್ರ. ಇದರ ಚಕ್ರಗಳ ವ್ಯಾಸ 14 ಇಂಚು. ಮನೆಯಲ್ಲೇ ಮರಗೆಲಸ ಮಾಡುವ ನಮ್ಮಂಥವರ ಬಳಿ ಹೆಚ್ಚಾಗಿ ಇರುವುದು ಇದೇ ಅಳತೆಯ ಯಂತ್ರ. ಬ್ಲೇಡ್ ಕೊಳ್ಳಲು ಹೋದಾಗ ನಾವು ಕೇಳುವುದು ಎಲ್ಲ ಕೆಲಸಕ್ಕೂ ಆಗುವ ಬ್ಲೇಡ್. ಅಂಥ ಬ್ಲೇಡ್ ಇಲ್ಲ. ಆದರೆ ಹೆಚ್ಚಿನ ದಿನಗಳಲ್ಲಿ ಬಿಚ್ಚದೆ ಯಂತ್ರದಲ್ಲೇ ಬಿಡಬಹುದಾದ ಬ್ಲೇಡ್ ಖಂಡಿತ ಇದೆ. ನನ್ನ ಮಟ್ಟಿಗೆ ಅದು ಅರ್ಧ ಇಂಚು ಅಗಲದ, ಇಂಚಿಗೆ 4 ಹಲ್ಲುಗಳಿರುವ, ಸಾಧಾರಣ ಕಾರ್ಬನ್ ಸ್ಟೀಲ್ ಬ್ಲೇಡ್. ಅದನ್ನೇ ಏಕೆ ಆರಿಸಿದೆ ಎಂಬುದನ್ನು ಹೇಳುತ್ತೇನೆ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬ್ಲೇಡಿನ ಅಗಲ. ಆದರೆ ಮೊದಲು ಲೆಕ್ಕ ಹಾಕಬೇಕಾದದ್ದು ಹಲ್ಲು. ಮರದ ದಪ್ಪದೊಳಗೆ ಏಕಕಾಲಕ್ಕೆ ಕನಿಷ್ಠ ಮೂರು ಹಲ್ಲುಗಳಾದರೂ ಇರಬೇಕು, ಇಲ್ಲದಿದ್ದರೆ ಒಂದೊಂದು ಹಲ್ಲೂ ಹಲಗೆಯನ್ನು ಹಿಡಿದು ಜಗ್ಗುತ್ತದೆ ಮತ್ತು ಕೆಳಗಿನ ಅಂಚು ಸಿಬಿರೇಳುತ್ತದೆ. ಪೀಠೋಪಕರಣಕ್ಕೆ ನಾವು ಬಳಸುವ ಮುಕ್ಕಾಲು ಇಂಚಿನ ಹಲಗೆಯಲ್ಲಿ 4 ಟಿಪಿಐ (ಅಂದರೆ ಇಂಚಿಗೆ 4 ಹಲ್ಲು) ಬ್ಲೇಡಿನ ಮೂರು ಹಲ್ಲುಗಳು ಸರಿಯಾಗಿ ಕೂರುತ್ತವೆ. ಅದೇ ಬ್ಲೇಡಿನಲ್ಲಿ ಆರು ಇಂಚು ಎತ್ತರದ ತುಂಡನ್ನು ನಿಲ್ಲಿಸಿ ಸೀಳಿದರೆ ಮರದೊಳಗೆ 24 ಹಲ್ಲುಗಳಿರುತ್ತವೆ. ನಿಧಾನವಾಗಿ ತಳ್ಳಿದರೆ ಅದೂ ನಡೆಯುತ್ತದೆ. ಸೀಳುವುದೇ ಮುಖ್ಯ ಕೆಲಸವಾದವರು 3 ಟಿಪಿಐ ತೆಗೆದುಕೊಳ್ಳಲಿ, ಆದರೆ ತೆಳು ಹಲಗೆಯಲ್ಲಿ ಅದು ಒರಟು ಎಂಬುದನ್ನು ಒಪ್ಪಿಕೊಂಡೇ ತೆಗೆದುಕೊಳ್ಳಬೇಕು.

ಹಲ್ಲುಗಳು ಹೆಚ್ಚಿದ್ದಷ್ಟೂ ಕೊಯ್ತ ನಯವಾಗುತ್ತದೆ ಎಂದು ನಂಬಿ 14 ಟಿಪಿಐ ಬ್ಲೇಡನ್ನು ಕೊಂಡವರನ್ನು ನಾನು ಕಂಡಿದ್ದೇನೆ. ಈಗ ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಎರಡು ಹಲ್ಲುಗಳ ನಡುವಿನ ಈ ಕುಳಿಯನ್ನು ದಯವಿಟ್ಟು ಗಮನಿಸಿ. ಹಲ್ಲು ಕೆರೆದ ಹೊಟ್ಟೆಲ್ಲವೂ, ಆ ಹಲ್ಲು ಮರದ ಕೆಳಗಿನಿಂದ ಹೊರಬರುವವರೆಗೆ, ಈ ಕುಳಿಯಲ್ಲೇ ಕುಳಿತು ಪ್ರಯಾಣ ಮಾಡಬೇಕು. ಆರು ಇಂಚಿನ ಹಲಸಿನ ತುಂಡಿನಲ್ಲಿ 14 ಟಿಪಿಐ ಬ್ಲೇಡಿನ ಪುಟ್ಟ ಕುಳಿ ಅರ್ಧ ದಾರಿಗೆ ಮೊದಲೇ ತುಂಬಿಹೋಗುತ್ತದೆ. ಆಮೇಲೆ ಹಲ್ಲು ಕೊಯ್ಯುವುದಿಲ್ಲ, ಉಜ್ಜುತ್ತದೆ. ಉಜ್ಜಿದಾಗ ಬ್ಲೇಡ್ ಬಿಸಿಯಾಗುತ್ತದೆ, ಮರದಲ್ಲಿ ಕರಿ ಗೆರೆ ಮೂಡುತ್ತದೆ, ನಾವು ಇನ್ನಷ್ಟು ಬಲವಾಗಿ ತಳ್ಳುತ್ತೇವೆ, ಒತ್ತಡ ತಾಳಲಾರದ ಬ್ಲೇಡ್ ಮರದ ಒಳಗೇ ಪಕ್ಕಕ್ಕೆ ಬಾಗುತ್ತದೆ. ಹೊರಗೆ ತೆಗೆದು ನೋಡಿದರೆ ಹಲಗೆಯ ಮೇಲಂಚು, ಕೆಳಂಚು ಎರಡೂ ಗೆರೆಯ ಮೇಲೇ ಇದ್ದು ನಡುವೆ ಮಾತ್ರ ಹೊಟ್ಟೆ ಬಂದಿರುತ್ತದೆ. ಬೇಲಿ (ಹಲಗೆಯನ್ನು ಒರಗಿಸಿ ತಳ್ಳುವ ಪಟ್ಟಿ) ಓರೆಯಾಗಿದೆ, ಯಂತ್ರ ಸರಿಯಿಲ್ಲ ಎಂದು ದೂರುವ ಬಹುಪಾಲು ಸಂದರ್ಭಗಳಲ್ಲಿ ನಿಜವಾದ ಕಾರಣ ತುಂಬಿದ ಕುಳಿ ಅಥವಾ ಮೊಂಡಾದ ಹಲ್ಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಲ್ಲಿನ ಆಕಾರದ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಸ್ಕಿಪ್ ಮಾದರಿಯಲ್ಲಿ ಹಲ್ಲು ನೆಟ್ಟಗಿದ್ದು ಕುಳಿ ಅಗಲವಾಗಿರುತ್ತದೆ. ಹುಕ್ ಮಾದರಿಯಲ್ಲಿ ಹಲ್ಲು ಸುಮಾರು 10 ಡಿಗ್ರಿ ಮುಂದಕ್ಕೆ ಬಾಗಿದ್ದು ಮರವನ್ನು ತಾನೇ ಎಳೆದುಕೊಳ್ಳುತ್ತದೆ. ಸಿಲ್ವರ್ ಓಕ್‌ನಂಥ ಹಗುರ ಮರಕ್ಕೆ ಸ್ಕಿಪ್ ಚೆನ್ನ. ದಪ್ಪದ ಮತ್ತಿ, ಹೊನ್ನೆಗೆ ಹುಕ್ ಇದ್ದರೆ ಕೈಗೆ ಶ್ರಮ ಕಡಿಮೆ.

ಇನ್ನು ಅಗಲ. ಯಂತ್ರದ ಕೈಪಿಡಿಯಲ್ಲಿ ಮುಕ್ಕಾಲು ಇಂಚಿನವರೆಗೆ ಹಾಕಬಹುದು ಎಂದು ಬರೆದಿದ್ದರೂ, ಅಷ್ಟು ಅಗಲದ ಬ್ಲೇಡಿಗೆ ಬೇಕಾದ ಬಿಗುವನ್ನು ಈ ಗಾತ್ರದ ಚೌಕಟ್ಟು ಮತ್ತು ಸ್ಪ್ರಿಂಗ್ ಕೊಡುವುದು ಕಷ್ಟ. ಸಡಿಲವಾದ ಮುಕ್ಕಾಲು ಇಂಚಿಗಿಂತ ಬಿಗಿಯಾದ ಅರ್ಧ ಇಂಚು ನೇರವಾಗಿ ಸಾಗುತ್ತದೆ. ತಿರುವುಗಳ ವಿಷಯದಲ್ಲಿ ಅರ್ಧ ಇಂಚಿನ ಬ್ಲೇಡ್ ಸುಮಾರು ಎರಡೂವರೆ ಇಂಚು ತ್ರಿಜ್ಯದವರೆಗೆ ಬರುತ್ತದೆ. ಕುರ್ಚಿಯ ಹಿಂಗಾಲಿನ ಬಾಗಿಗೆ ಅದು ಸಾಕು. ಆಟಿಕೆಯ ಆನೆಯ ಸೊಂಡಿಲನ್ನು ಕತ್ತರಿಸಬೇಕೆಂದರೆ ಸಾಲದು. ಅದಕ್ಕೆ ಕಾಲು ಇಂಚಿನ, 6 ಟಿಪಿಐ ಬ್ಲೇಡನ್ನು ಬೇರೆಯೇ ಇಟ್ಟುಕೊಳ್ಳಿ. ಅದು ಸುಮಾರು 16 ಮಿಲಿಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಎರಡರ ನಡುವಿನ ರಾಜಿಯಾಗಿ 3/8 ಇಂಚನ್ನು ಸೂಚಿಸುವವರಿದ್ದಾರೆ. ಬ್ಲೇಡ್ ಬದಲಿಸಲು ಬೇಸರಪಡುವವರಿಗೆ ಅದು ತಪ್ಪು ಆಯ್ಕೆಯಲ್ಲ, ಆದರೆ ನಾನು ಬದಲಿಸುವುದನ್ನೇ ಇಷ್ಟಪಡುತ್ತೇನೆ.

ಉಕ್ಕಿನ ದಪ್ಪವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಈ ಯಂತ್ರದಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 900 ಮೀಟರ್ ವೇಗದಲ್ಲಿ ಓಡುತ್ತದೆ, ಅದರ ಉದ್ದ ಎರಡೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು, ಮತ್ತು ಪ್ರತಿ ಸುತ್ತಿನಲ್ಲೂ ಅದು ಎರಡು ಚಕ್ರಗಳ ಮೇಲೆ ಬಾಗಿ ಮತ್ತೆ ನೆಟ್ಟಗಾಗಬೇಕು. ಅಂದರೆ ಒಂದೇ ನಿಮಿಷದಲ್ಲಿ ಉಕ್ಕು 700ಕ್ಕೂ ಹೆಚ್ಚು ಬಾರಿ ಬಾಗುತ್ತದೆ. ಚಕ್ರ ಚಿಕ್ಕದಾಗಿದ್ದು ಬ್ಲೇಡ್ ದಪ್ಪವಾಗಿದ್ದರೆ, ಹಲ್ಲು ಇನ್ನೂ ಹರಿತವಾಗಿರುವಾಗಲೇ ಕುಳಿಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. 0.025 ಇಂಚು ಅಥವಾ ಅದಕ್ಕಿಂತ ತೆಳುವಾದದ್ದನ್ನೇ ಕೇಳಿ ಪಡೆಯಿರಿ. 0.035 ಇಂಚಿನದು ದೊಡ್ಡ ಚಕ್ರದ ಯಂತ್ರಗಳಿಗಿರಲಿ.

ತೇಗದಲ್ಲಿ ಸಿಲಿಕಾ ಇರುವುದರಿಂದ ಕಾರ್ಬನ್ ಸ್ಟೀಲ್ ಹಲ್ಲು ಬೇಗ ಮೊಂಡಾಗುತ್ತದೆ ಎಂಬುದು ನಿಜ. ತೇಗವನ್ನೇ ದಿನವಿಡೀ ಕೊಯ್ಯುವವರು ಬೈಮೆಟಲ್ ಕೊಳ್ಳುವುದು ನ್ಯಾಯ. ಅದರ ಬೆನ್ನು ಸ್ಪ್ರಿಂಗ್ ಉಕ್ಕಿನದು, ಹಲ್ಲಿನ ತುದಿ ಹೈಸ್ಪೀಡ್ ಸ್ಟೀಲಿನದು. ಆದರೆ ವಾರಾಂತ್ಯದ ಕೆಲಸಕ್ಕೆ ಒಂದು ದುಬಾರಿ ಬ್ಲೇಡಿಗಿಂತ ಸರದಿಯಲ್ಲಿ ಬಳಸಬಹುದಾದ ಹಲವು ಹರಿತ ಕಾರ್ಬನ್ ಬ್ಲೇಡ್‌ಗಳು ಮೇಲು.

ನಮ್ಮಲ್ಲಿ ಬಹಳಷ್ಟು ಅಂಗಡಿಗಳು ಸುರುಳಿಯಿಂದ ಉದ್ದಕ್ಕೆ ಕತ್ತರಿಸಿ, ಅಲ್ಲೇ ವೆಲ್ಡ್ ಮಾಡಿ ಕೊಡುತ್ತವೆ. ಬ್ಯಾಂಡ್ ಸಾಗೆ ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ 1809ರಲ್ಲೇ ಪೇಟೆಂಟ್ ಪಡೆದಿದ್ದರೂ ಯಂತ್ರ ಬಳಕೆಗೆ ಬರಲು ದಶಕಗಳೇ ಹಿಡಿದದ್ದು ಈ ಬೆಸುಗೆ ನಿಲ್ಲದೆ ಹೋದದ್ದರಿಂದ. ಬಾಳುವಂತೆ ಬೆಸೆಯುವ ವಿಧಾನ ಬಂದದ್ದು ಫ್ರಾನ್ಸಿನ ಆ್ಯನ್ ಪೌಲಿನ್ ಕ್ರೆಪಿನ್ ಅವರಿಂದ, 1846ರಲ್ಲಿ. ಆದ್ದರಿಂದ ಹಣ ಕೊಡುವ ಮೊದಲು ಬೆಸುಗೆಯ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬ್ಲೇಡಿನ ಬೆನ್ನು ಅಲ್ಲಿ ಮೆಟ್ಟಿಲಿನಂತೆ ಏರಬಾರದು, ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ಬೆನ್ನಿನಲ್ಲಿ ಸಣ್ಣ ಉಬ್ಬು ಉಳಿದಿದ್ದರೂ ಪ್ರತಿ ಸುತ್ತಿಗೊಮ್ಮೆ, ಬ್ಲೇಡಿಗೆ ಹಿಂದಿನಿಂದ ಆನಿಕೆಯಾಗಿರುವ ಬೇರಿಂಗಿಗೆ ಟಿಕ್ ಎಂದು ಬಡಿಯುತ್ತದೆ, ಮತ್ತು ಆ ಬ್ಲೇಡ್ ಬೆಸುಗೆಯಲ್ಲೇ ಮುರಿಯುತ್ತದೆ.

ಉದ್ದವನ್ನು ಹಳೆಯ ಬ್ಲೇಡಿನಿಂದ ಅಳೆಯಿರಿ. ಅದಿಲ್ಲದಿದ್ದರೆ ಪ್ಲಗ್ ತೆಗೆದು, ಬಿಗುವಿನ ತಿರುಪನ್ನು ಅದರ ಓಟದ ನಡುಮಧ್ಯಕ್ಕೆ ತಂದು, ಎರಡು ಚಕ್ರಗಳ ಕೇಂದ್ರಗಳ ನಡುವಿನ ದೂರವನ್ನು ಇಮ್ಮಡಿಸಿ, ಚಕ್ರದ ವ್ಯಾಸದ 3.14 ಪಟ್ಟನ್ನು ಅದಕ್ಕೆ ಕೂಡಿಸಿ. ಅಂಗಡಿಯವರಿಗೆ ಉದ್ದ, ಅಗಲ, ದಪ್ಪ, ಟಿಪಿಐ, ಹಲ್ಲಿನ ಮಾದರಿ, ಈ ಐದನ್ನೂ ಚೀಟಿಯಲ್ಲಿ ಬರೆದೇ ಕೊಡಿ.