ತಿಪ್ಪೆಯ ಹಬೆ ಮತ್ತು ಮಾಗಡಿ ಕೆರೆಯ ಹೆಬ್ಬಾತು

ಎಲ್ಲರಿಗೂ ನಮಸ್ಕಾರ್ರೀ. ಚಳಿಗಾಲದ ಮುಂಜಾನೆ ಹಿತ್ತಲ ತಿಪ್ಪೆ ಕೆದರಿದರೆ ಹಬೆ ಏಳುತ್ತದೆ, ನೋಡಿದ್ದೀರಲ್ಲ? ಯಾರೂ ಬೆಂಕಿ ಹಾಕಿಲ್ಲ. ಆದರೂ ಬಿಸಿ. ಅದು ಬಿಸಿಲೇ, ಆದರೆ ಇವತ್ತಿನದಲ್ಲ. ಹೋದ ಹಿಂಗಾರಿಯಲ್ಲಿ ನಿಮ್ಮ ಎರೆ ಹೊಲದ ಜೋಳದ ಎಲೆ ಹಿಡಿದಿಟ್ಟ ಬಿಸಿಲು. ಎತ್ತು ಕಣಿಕೆ ತಿಂದಿತು, ಸೆಗಣಿ ಹಾಕಿತು, ಅದರಲ್ಲಿ ಉಳಿದದ್ದನ್ನು ಈಗ ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತಿವೆ, ಹಾಗೆ ತಿನ್ನುವಾಗ ಹೊರಬೀಳುವ ಶಾಖವೇ ನಿಮ್ಮ ಕೈಗೆ ತಾಗುವುದು.

ಆ ಶಾಖ ಗಾಳಿಗೆ ಸೇರಿತೆಂದರೆ ಮುಗೀತು. ಯಾವ ಜೋಳವೂ ಅದನ್ನು ಮತ್ತೆ ಹಿಡಿಯುವುದಿಲ್ಲ. ಗೊಬ್ಬರ ಮಾತ್ರ ಹೊಲಕ್ಕೆ ವಾಪಸ್ ಹೋಗುತ್ತದೆ. ಶಾಲೆಯಲ್ಲಿ ನಮಗೆ ಎಲ್ಲವನ್ನೂ ಒಂದೇ ಚಕ್ರದಲ್ಲಿ ಸುತ್ತಿಸಿ ಹೇಳಿದ್ದರು, ಅಲ್ವಾ? ಸುತ್ತುವುದು ಗೊಬ್ಬರದ ಸಾರ. ಶಕ್ತಿ ಸುತ್ತುವುದಿಲ್ಲ, ಖರ್ಚಾಗುತ್ತದೆ.

ಈ ಲೆಕ್ಕವನ್ನು ಸರಿಯಾಗಿ ಹಿಡಿದವನು ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಒಂದು ಸಣ್ಣ ಕೆರೆಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅಂತ ವರ್ಷಗಟ್ಟಲೆ ನೋಡಿದ. ಅವನ ಲೇಖನ 1942ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವನು ತೀರಿಕೊಂಡಿದ್ದ, ವಯಸ್ಸು ಮೂವತ್ತೂ ಆಗಿರಲಿಲ್ಲ. ತಿನ್ನಿಸಿಕೊಳ್ಳುವವರ ಮೆಟ್ಟಿಲಿನಿಂದ ತಿನ್ನುವವರ ಮೆಟ್ಟಿಲಿಗೆ ಶಕ್ತಿಯ ಹತ್ತರಲ್ಲಿ ಒಂದು ಪಾಲು ದಾಟುತ್ತದೆ ಅಂತ ನಾವು ಹೇಳುವುದು ಅಲ್ಲಿಂದ ಬೆಳೆದ ಮಾತು. ಅದು ಅಂದಾಜು, ಕಟ್ಟುನಿಟ್ಟಲ್ಲ. ನಮ್ಮಂಥ ಬಿಸಿರಕ್ತದವರು ಇನ್ನೂ ದುಂದುಗಾರರು, ಉಂಡದ್ದರಲ್ಲಿ ಬಹುಪಾಲು ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ.

ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಚಿಗರಿ ನೋಡಿರಬೇಕು. ಹುಬ್ಬಳ್ಳಿ-ಧಾರವಾಡದವರೇ, ನಿಮ್ಮೂರಿನ ಚಿಗರಿ ಬಸ್ ಅಲ್ರೀ, ಕೃಷ್ಣಮೃಗ! ಹಿಂಡು ಹಿಂಡಾಗಿ ಕಾಣುತ್ತವೆ. ಅವನ್ನು ತಿನ್ನುವ ತೋಳ ಕಾಣಬೇಕಾದರೆ ಪುಣ್ಯ ಮಾಡಿರಬೇಕು. ತೋಳ ಕಡಿಮೆ ಆಗಿದ್ದಕ್ಕೆ ಮನುಷ್ಯನೂ ಕಾರಣ, ಅದು ಬೇರೆ ಜಗಳ. ಆದರೆ ನಾವು ಯಾರೂ ತೊಂದರೆ ಕೊಡದಿದ್ದರೂ ಚಿಗರಿಯಷ್ಟು ತೋಳ ಇರಲು ಆಗುವುದಿಲ್ಲ. ಹುಲ್ಲು ಹಿಡಿದ ಬಿಸಿಲಿನಲ್ಲಿ ಹೆಚ್ಚಿನ ಪಾಲನ್ನು ಹುಲ್ಲೂ ಚಿಗರಿಯೂ ಉಸಿರಾಡಿ, ಓಡಾಡಿ, ಬದುಕಿ ಮುಗಿಸಿರುತ್ತವೆ. ತೋಳನ ತಟ್ಟೆಗೆ ಬರುವುದು ತಳ ಕೆರೆದದ್ದು.

ಇನ್ನು ಮಾಗಡಿ ಕೆರೆ. ಗದಗ ಜಿಲ್ಲೆಯ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ, ಸುತ್ತಲ ಹೊಲಗಳಲ್ಲಿ ಕಡಲೆ, ಶೇಂಗಾ ಮೇಯುತ್ತವೆ, ತಿರುಗಿ ಬಂದು ನೀರಿನಲ್ಲಿ ಕೂರುತ್ತವೆ. ಹೊಲದವರಿಗೆ ಸಿಟ್ಟು ಬರುವುದು ಸಹಜ, ನಾನು ತಪ್ಪು ಅನ್ನುವುದಿಲ್ಲ. ಆದರೆ ಆ ಕಡಲೆ ಎಲ್ಲಿಗೆ ಹೋಯಿತು ನೋಡಿ. ಒಂದಷ್ಟು ಹಿಕ್ಕೆಯಾಗಿ ಕೆರೆಗೆ ಬಿತ್ತು, ಪಾಚಿಗೆ ಗೊಬ್ಬರವಾಯಿತು. ಒಂದಷ್ಟು ಹಕ್ಕಿಯ ಮೈಯಲ್ಲಿ ಕೊಬ್ಬಾಗಿ ಕೂತಿತು. ಬೇಸಿಗೆ ಹೊತ್ತಿಗೆ ಹಕ್ಕಿ ಎದ್ದು ಉತ್ತರಕ್ಕೆ ಹೊರಡುತ್ತದೆ, ಹಿಮಾಲಯ ದಾಟುವಾಗ ಕೆಲವೊಮ್ಮೆ 6,000 ಮೀಟರಿಗೂ ಮೇಲೆ ಹಾರುತ್ತದೆ, ಅಲ್ಲಿ ತೆಳ್ಳನೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ಬಡಿಯುತ್ತಾ ನಮ್ಮ ಎರೆ ಹೊಲದ ಬಿಸಿಲನ್ನು ಉರಿಸುತ್ತಾ ಹೋಗುತ್ತದೆ.