ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಹಾರ್ನ್

ಕೇಳುಗರಿಗೆಲ್ಲ ನಮಸ್ಕಾರ.

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಸುತ್ತಲಿನ ರಸ್ತೆಗಳಲ್ಲಿ ಗಾಡಿ ನಡೆಸುವವರ ತಾಳ್ಮೆಗೆ ದಿನಾಲೂ ಪರೀಕ್ಷೆ. ಮುಂದೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ತಾಸಿಗೆ 20 ಕಿಲೋಮೀಟರ್ ವೇಗದಲ್ಲಿ. ಎದುರಿನಿಂದ ಕಾರ್ಖಾನೆಗೆ ಕಬ್ಬು ಹಾಕಿ ಬರುವ ಖಾಲಿ ಟ್ರ್ಯಾಕ್ಟರುಗಳ ಸಾಲು. ಹಿಂದಿನಿಂದ ಯಾರೋ ಹಾರ್ನ್ ಒತ್ತುತ್ತಲೇ ಇದ್ದಾರೆ. ಹೀಗೆ ಎರಡು ಕಿಲೋಮೀಟರ್ ಹೋದ ಮೇಲೆ ಕೊನೆಗೂ ದಾರಿ ಸಿಗುತ್ತದೆ. ಅಲ್ಲಿಯವರೆಗೆ 60ರಲ್ಲಿ ನೆಟ್ಟಗೆ ಬರುತ್ತಿದ್ದವರು ಕೂಡ ಆಗ 90ಕ್ಕೆ ಏರಿಸಿಬಿಡುತ್ತಾರೆ. ಹೋದ ಹೊತ್ತನ್ನು ವಸೂಲಿ ಮಾಡಿಯೇ ತೀರುತ್ತೇನೆ ಎಂಬ ಹಟ ಅದು. ಇವತ್ತು ಆ ಹಟವನ್ನು ಬಿಡಿಸಿ ನೋಡೋಣ.

ಮೊದಲು ಹೊತ್ತಿನ ಲೆಕ್ಕ. ಎರಡು ಕಿಲೋಮೀಟರ್ ದಾರಿಯನ್ನು 20ರ ವೇಗದಲ್ಲಿ ಹೋದರೆ 6 ನಿಮಿಷ ಬೇಕು. 60ರಲ್ಲಿ ಹೋಗಿದ್ದರೆ 2 ನಿಮಿಷ. ಅಂದರೆ ಆ ಟ್ರ್ಯಾಕ್ಟರಿನ ಹಿಂದೆ ನೀವು ಕಳೆದುಕೊಂಡಿದ್ದು ಬರೀ 4 ನಿಮಿಷ. ಮನಸ್ಸಿಗೆ ಮಾತ್ರ ಅದು ಅರ್ಧ ತಾಸಿನಂತೆ ಅನಿಸಿರುತ್ತದೆ. ಈ 4 ನಿಮಿಷವನ್ನು 60ರ ಬದಲು 80ರಲ್ಲಿ ಓಡಿಸಿ ಮರಳಿ ಪಡೆಯಬೇಕಾದರೆ ಎಲ್ಲಿಯೂ ತಡೆಯಿಲ್ಲದ 16 ಕಿಲೋಮೀಟರ್ ರಸ್ತೆ ಬೇಕು. ನಮ್ಮ ಭಾಗದಲ್ಲಿ ಊರು, ಕ್ರಾಸ್, ಹಂಪ್, ಎಮ್ಮೆ ಇಲ್ಲದ 16 ಕಿಲೋಮೀಟರ್ ಎಲ್ಲಿದೆ?

ಇನ್ನೊಂದು ಲೆಕ್ಕ ನೋಡಿ. 30 ಕಿಲೋಮೀಟರ್ ದಾರಿಗೆ 40ರ ವೇಗದಲ್ಲಿ 45 ನಿಮಿಷ, 60ರಲ್ಲಿ 30 ನಿಮಿಷ. ಇಲ್ಲಿ 15 ನಿಮಿಷ ಉಳಿಯಿತು. 60ರಿಂದ 80ಕ್ಕೆ ಏರಿಸಿದರೆ ಉಳಿಯುವುದು ಏಳೂವರೆ ನಿಮಿಷ. 80ರಿಂದ 100ಕ್ಕೆ ಏರಿಸಿದರೆ ನಾಲ್ಕೂವರೆ. 100ರಿಂದ 120ಕ್ಕೆ ಏರಿಸಿದರೆ ಮೂರೇ ನಿಮಿಷ. ಪ್ರತಿ ಸಲ ಏರಿಸಿದ್ದು ಅದೇ 20, ಆದರೆ ಉಳಿಯುವ ಹೊತ್ತು ಕಡಿಮೆಯಾಗುತ್ತಲೇ ಹೋಯಿತು. ಅಪಾಯ ಮಾತ್ರ ಬೆಳೆಯುತ್ತ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಗಾಡಿ ನಿಲ್ಲಲು ಎಷ್ಟು ಜಾಗ ಬೇಕು ಎಂಬುದನ್ನು ಬಹಳ ಜನ ಅಂದಾಜಿನಲ್ಲೇ ಇಟ್ಟುಕೊಂಡಿರುತ್ತಾರೆ, ಅದೂ ತಪ್ಪು ಅಂದಾಜು. ರಸ್ತೆಗೆ ಏನೋ ಅಡ್ಡ ಬಂತು ಎಂದು ಕಣ್ಣಿಗೆ ಬಿದ್ದು, ತಲೆಗೆ ತಿಳಿದು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಹೋಗಿರುತ್ತದೆ. 80ರ ವೇಗದಲ್ಲಿ ಅಷ್ಟರಲ್ಲೇ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಆಮೇಲೆ ಒಣ ಡಾಂಬರಿನ ಮೇಲೆ, ಒಳ್ಳೆಯ ಟಾಯರಿದ್ದು, ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇನ್ನೂ 35 ಮೀಟರ್. ಒಟ್ಟು 68 ಮೀಟರ್. ಇದೇ ಲೆಕ್ಕದಲ್ಲಿ 60ಕ್ಕೆ 45 ಮೀಟರ್ ಸಾಕು, 100ಕ್ಕೆ 97 ಮೀಟರ್ ಬೇಕು.

ಈಗ ಒಂದೇ ರಸ್ತೆಯಲ್ಲಿ, ಒಂದೇ ಜಾಗದಿಂದ ಇಬ್ಬರು ಬ್ರೇಕ್ ಹಾಕಲು ಶುರುಮಾಡಿದರು ಎಂದುಕೊಳ್ಳಿ. ಒಬ್ಬರು 80ರಲ್ಲಿದ್ದರು, ಇನ್ನೊಬ್ಬರು 100ರಲ್ಲಿ. ಮೊದಲನೆಯವರ ಗಾಡಿ ರಸ್ತೆಗಿಳಿದ ಎತ್ತಿನ ಮುಂದೆ ಪೂರ್ತಿ ನಿಂತಿತು. ಎರಡನೆಯವರ ಗಾಡಿ ಅದೇ ಜಾಗಕ್ಕೆ ಬಂದಾಗ ಎಷ್ಟು ವೇಗ ಉಳಿದಿರುತ್ತದೆ ಗೊತ್ತೇ? ವ್ಯತ್ಯಾಸ 20 ಅಲ್ಲವೇ, ಉಳಿದಿರುವುದೂ 20 ಇರಬೇಕು ಎಂದು ಅನಿಸುತ್ತದೆ. ಅಲ್ಲ. ಅದು ಇನ್ನೂ 60ರಲ್ಲೇ ಇರುತ್ತದೆ. ಇದನ್ನು ದಯವಿಟ್ಟು ನೆನಪಿಡಿ, ಮನೆಯಲ್ಲಿ ಗಾಡಿ ಓಡಿಸುವ ಹುಡುಗರಿಗೂ ಹೇಳಿ. ಕೊನೆಗೆ ಏರಿಸಿದ ಆ 20 ಕಿಲೋಮೀಟರೇ ಎಲ್ಲಕ್ಕಿಂತ ದುಬಾರಿ.

ಇದೆಲ್ಲ ಒಣ ರಸ್ತೆಯ ಮಾತು. ನಮ್ಮದು ಎರೆಮಣ್ಣಿನ ನಾಡು. ಮಳೆಯಾದ ಮೇಲೆ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗೆ ಅಂಟಿದ ಮಣ್ಣು ಡಾಂಬರಿನ ಮೇಲೆ ಹರಡಿಕೊಂಡು ಎಣ್ಣೆ ಬಳಿದಷ್ಟು ಜಾರುತ್ತದೆ. ಹಂಗಾಮಿನಲ್ಲಿ ಕಬ್ಬಿನ ರವದಿ, ಅಂದರೆ ಒಣ ಸೋಗೆ, ಬಿದ್ದಿರುತ್ತದೆ. ಸುಗ್ಗಿಯಲ್ಲಿ ಗಾಡಿಗಳು ತುಳಿಯಲಿ ಎಂದು ಬೆಳೆಯನ್ನೇ ರಸ್ತೆಗೆ ಹಾಸಿರುತ್ತಾರೆ. ಬೈಕಿನವರಿಗೆ ಇವು ಮೂರೂ ಅಪಾಯ. ಅದರ ಮೇಲೆ ಹೋದ ನಂತರ ಬ್ರೇಕ್ ಹಿಡಿಯಬೇಡಿ; ದೂರದಿಂದಲೇ ಎಕ್ಸಲರೇಟರ್ ಬಿಟ್ಟು, ಮುಂದಿನ ಮತ್ತು ಹಿಂದಿನ ಎರಡೂ ಬ್ರೇಕುಗಳನ್ನು ಸಮನಾಗಿ ಹಿಡಿದು ವೇಗ ಇಳಿಸಿಕೊಂಡು, ಹ್ಯಾಂಡಲ್ ನೆಟ್ಟಗಿಟ್ಟು ದಾಟಿರಿ. ಕಾರಿನವರಿಗೆ ಇನ್ನೊಂದು ತೊಂದರೆ: ಒಣ ದಂಟು ಗಾಡಿಯ ಕೆಳಗೆ ಸುತ್ತಿಕೊಂಡು ಕಾದ ಸೈಲೆನ್ಸರ್ ಕೊಳವೆಗೆ ತಗಲಿದರೆ ಬೆಂಕಿ ಹತ್ತಬಹುದು. ಅಂಥ ಜಾಗ ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ತಕ್ಷಣ ಬದಿಗೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಕೆಳಗೆ ಬಗ್ಗಿ ನೋಡಿ.

ರಾತ್ರಿಯ ಮಾತಿಗೆ ಬರೋಣ, ಹೆಚ್ಚು ಕಾಳಜಿ ಬೇಕಾಗಿರುವುದು ಇಲ್ಲಿಯೇ. ಕಾರಿನ ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು ಸುಮಾರು 50 ಮೀಟರ್. 60ರ ವೇಗಕ್ಕೆ ನಿಲ್ಲಲು 45 ಮೀಟರ್ ಬೇಕು ಎಂದೆವು, 80ಕ್ಕೆ 68. ಅಂದರೆ ಡಿಮ್ ಲೈಟಿನಲ್ಲಿ 80ರಲ್ಲಿ ಹೋಗುವವರು ತಮ್ಮ ಬೆಳಕಿಗಿಂತ ಮುಂದೆ ಓಡುತ್ತಿದ್ದಾರೆ. ಕಣ್ಣಿಗೆ ಬಿದ್ದ ವಸ್ತುವಿಗೆ ಗುದ್ದದೆ ನಿಲ್ಲಲು ಅವರಿಂದ ಆಗುವುದೇ ಇಲ್ಲ, ಎಷ್ಟೇ ಪಳಗಿದ ಕೈಯಿರಲಿ. ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರೇಲರ್ ಆ ಬೆಳಕಿನ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ನೀವು 90ರಲ್ಲಿ, ಅದು 20ರಲ್ಲಿ. ನಡುವಿನ 50 ಮೀಟರ್ ಕರಗಲು ಎರಡೂವರೆ ಸೆಕೆಂಡು ಸಾಕು, ಅದರಲ್ಲಿ ಒಂದೂವರೆ ಸೆಕೆಂಡು ಕಾಲು ಬ್ರೇಕಿಗೆ ಬರುವುದರಲ್ಲೇ ಮುಗಿಯುತ್ತದೆ. ಆದ್ದರಿಂದ ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ರಾತ್ರಿ 60ರ ಮೇಲೆ ಬೇಡ. ಎದುರಿನ ಲೈಟ್ ಕಣ್ಣಿಗೆ ಹೊಡೆದರೆ ಅದನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು 40ಕ್ಕೆ ಇಳಿಸಿ. ಟ್ರ್ಯಾಕ್ಟರ್ ಮಾಲೀಕರಿಗೂ ಒಂದು ಕೋರಿಕೆ: ಹಿಂದಿನ ಟ್ರೇಲರಿನ ಎರಡೂ ಮೂಲೆಗಳಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಜೋತುಬಿದ್ದ ಕಬ್ಬು ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಕೆಲವು ನೂರು ರೂಪಾಯಿಯ ಕೆಲಸ.

ಓವರ್‌ಟೇಕ್ ಮಾಡುವ ಮುಂಚೆಯೂ ಒಂದು ಅಂದಾಜು ಇರಲಿ. 50ರಲ್ಲಿ ಹೋಗುವ ಲಾರಿಯನ್ನು 70ರಲ್ಲಿ ಹಿಂದೆ ಹಾಕಿ ಸುರಕ್ಷಿತವಾಗಿ ಎಡಕ್ಕೆ ಸೇರಲು ಸುಮಾರು 9 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 175 ಮೀಟರ್ ಹೋಗಿರುತ್ತೀರಿ, ಎದುರಿನವರೂ 70ರಲ್ಲಿದ್ದರೆ ಅಷ್ಟೇ ದೂರ ನಿಮ್ಮ ಕಡೆ ಬಂದಿರುತ್ತಾರೆ. ಒಟ್ಟು 350 ಮೀಟರ್ ಖಾಲಿ ಕಾಣಬೇಕು. ತಿರುವು, ಏರು, ಸೇತುವೆ ಇದ್ದಲ್ಲಿ ಅಷ್ಟು ಕಾಣುವುದಿಲ್ಲ. ಕಾಣದಿದ್ದರೆ ಹಿಂದೆಯೇ ಇರಿ.

ಹಿಂದೆಯೇ ಇರುವುದು ಹೇಳಿದಷ್ಟು ಸುಲಭವಲ್ಲ, ನಿಜ. ಸಿಟ್ಟು ಏರುವಾಗ ಮೊದಲು ಗೊತ್ತಾಗುವುದು ಮೈಗೆ. ಸ್ಟೇರಿಂಗ್ ಮೇಲಿನ ಹಿಡಿತ ಬಿಗಿಯಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ, ಭುಜ ಕಿವಿಯ ಕಡೆಗೆ ಏರುತ್ತದೆ, ಮುಂದಿನ ಗಾಡಿಯವನನ್ನು ಬೈಯಲು ಶುರುಮಾಡಿರುತ್ತೀರಿ. ಇವುಗಳಲ್ಲಿ ಒಂದು ಕಂಡರೂ ಬಲಗಾಲನ್ನು ಎಕ್ಸಲರೇಟರಿನಿಂದ ಮೇಲೆತ್ತಿ. ಮುಂದಿನ ಗಾಡಿ ಒಂದು ಗಿಡ ಅಥವಾ ಕಂಬ ದಾಟಿದ ಕೂಡಲೇ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಂದು ಎಣಿಸಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಗಿಡದ ಹತ್ತಿರ ಬಂದರೆ ಬಹಳ ಸಮೀಪ ಇದ್ದೀರಿ ಎಂದರ್ಥ. ಮಳೆಯಿದ್ದರೆ ಐದರ ತನಕ ಎಣಿಸಿ. ಅಂತರ ಸಿಕ್ಕ ಮೇಲೆ ಬೆರಳು ಸಡಿಲಿಸಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಐದಾರು ಉಸಿರು ಸಾಕು. ಕಣ್ಣು ಮುಚ್ಚುವ ಪ್ರಶ್ನೆಯೇ ಇಲ್ಲ. ಅಷ್ಟಕ್ಕೂ ಇಳಿಯದಿದ್ದರೆ ಪೆಟ್ರೋಲ್ ಬಂಕ್ ಅಥವಾ ಚಹಾದಂಗಡಿಯ ಅಂಗಳದೊಳಗೆ ಹೋಗಿ ನಿಲ್ಲಿಸಿ. ಹೆದ್ದಾರಿಯ ಅಂಚಿನಲ್ಲಿ ನಿಲ್ಲುವುದು ಬೇರೆಯದೇ ಅಪಾಯ.

ಹಿಂದಿನಿಂದ ಹಾರ್ನ್ ಹೊಡೆಯುವವರ ವಿಷಯ. ಅವರಿಗೆ ಹೆದರಿ ವೇಗ ಹೆಚ್ಚಿಸಬೇಡಿ, ಪಾಠ ಕಲಿಸಲೆಂದು ಫಕ್ಕನೆ ಬ್ರೇಕ್ ಹಾಕುವುದಂತೂ ಬೇಡವೇ ಬೇಡ. ನಿಮ್ಮ ಮುಂದಿನ ಅಂತರವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಿ, ಆಗ ನೀವು ನಿಧಾನವಾಗಿ ಬ್ರೇಕ್ ಹಾಕಬಹುದು, ಅವರೂ ನಿಮ್ಮ ಮೇಲೆ ಬರುವುದಿಲ್ಲ. ಜಾಗ ಸಿಕ್ಕಲ್ಲಿ ಎಡ ಇಂಡಿಕೇಟರ್ ಹಾಕಿ ಬದಿಗೆ ಸರಿದು ದಾರಿ ಬಿಡಿ. ಅವರ ಮುಖ ನೋಡುವ ಅಗತ್ಯವಿಲ್ಲ.

ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ಇಳಿಯುವಾಗ ಕಣ್ಣು ಮೋಸ ಮಾಡುತ್ತದೆ. ಕೊಲ್ಹಾಪುರ ಕಡೆಯಿಂದ ಒಂದು ತಾಸು 100ರಲ್ಲಿ ಬಂದು ಸಂಕೇಶ್ವರದಲ್ಲಿ ಹುಕ್ಕೇರಿ ಕಡೆ ಹೊರಳಿದರೆ 70 ಕೂಡ ನಿಂತಂತೆ ಅನಿಸುತ್ತದೆ. ಕೆಲವು ನಿಮಿಷ ಈ ಭ್ರಮೆ ಇದ್ದೇ ಇರುತ್ತದೆ. ಆಗ ಅನಿಸಿಕೆಯನ್ನು ನಂಬದೆ ಸ್ಪೀಡೋಮೀಟರ್ ಮುಳ್ಳನ್ನೇ ನೋಡಿ. ಊರು, ಶಾಲೆ, ಬಸ್‌ಸ್ಟ್ಯಾಂಡ್ ಹತ್ತಿರ 30.

ಟಾಯರ್ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ನೋಡಿಸಿ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಗಾಳಿ ಕಡಿಮೆಯಿರುವ ಟಾಯರ್ ವೇಗಕ್ಕೆ ಕಾದು ಒಡೆಯುತ್ತದೆ.

ಕೊನೆಯದಾಗಿ ಮದುವೆ ಸೀಸನ್ನಿನ ಬಗ್ಗೆ ಹೇಳಲೇಬೇಕು. ಬಾಡಿಗೆ ಕ್ರೂಸರಿನಲ್ಲಿ ಮನೆಮಂದಿಯೆಲ್ಲ ತುಂಬಿಕೊಂಡು ಹೊರಟಿರುತ್ತಾರೆ, ಹೊರಡುವಾಗಲೇ ಒಂದು ತಾಸು ತಡ. ದಾರಿಯಲ್ಲಿ ಮೇಲಿಂದ ಮೇಲೆ ಫೋನು: "ಎಲ್ಲಿದ್ದೀರಿ? ಅಕ್ಷತಾ ಹೊತ್ತಾತು, ಲಗೂನ ಬರ್ರಿ." ಹಿಂದೆ ಕೂತವರೂ "ಅಣ್ಣಾ, ಸ್ವಲ್ಪ ಜೋರ್ ಹೊಡಿ" ಎನ್ನುತ್ತಾರೆ. ಡ್ರೈವರ್ ಬಾಡಿಗೆಗೆ ಬಂದವರು, ಇಲ್ಲ ಎನ್ನಲು ಅವರಿಗೆ ಕಷ್ಟ. ಅಲ್ಲಿ ವೇಗ ಏರಿಸುತ್ತಿರುವುದು ಡ್ರೈವರ್ ಒಬ್ಬರೇ ಅಲ್ಲ. ಹೊರಡುವ ಲೆಕ್ಕ ಹೀಗೆ ಹಾಕಿ: ಒಳರಸ್ತೆಯಲ್ಲಿ ಸರಾಸರಿ 45ಕ್ಕಿಂತ ಹೆಚ್ಚು ಹಿಡಿಯಬೇಡಿ. 90 ಕಿಲೋಮೀಟರಿಗೆ ಎರಡು ತಾಸು, ಅದರ ಮೇಲೆ ಅರ್ಧ ತಾಸು ಚಹಾ, ರೈಲ್ವೆ ಗೇಟು, ಟ್ರ್ಯಾಕ್ಟರುಗಳಿಗೆ. 12 ಗಂಟೆಗೆ ಅಕ್ಷತಾ ಇದ್ದರೆ ಒಂಬತ್ತೂವರೆಗೆ ಗಾಡಿ ಬಾಗಿಲಿಗೆ ಬಂದು ನಿಲ್ಲುವುದಲ್ಲ, ಊರು ಬಿಟ್ಟಿರಬೇಕು. ಡ್ರೈವರ್ ಫೋನನ್ನು ಪಕ್ಕದಲ್ಲಿ ಕೂತವರು ಇಟ್ಟುಕೊಳ್ಳಲಿ. ತಡವಾಗುವುದು ಖಚಿತವಾದರೆ ಅವರೇ ಒಂದು ಸಲ ಕರೆ ಮಾಡಿ, "ನಮಗ ತಡ ಆಗ್ತದ, ನೀವು ಅಕ್ಷತಾ ಹಾಕ್ರಿ, ನಾವು ಊಟಕ್ಕ ಬರ್ತೀವಿ" ಎಂದು ಹೇಳಿಬಿಡಲಿ. ಮದುವೆ ಮನೆಯಲ್ಲಿರುವವರೂ ಅದಾದ ಮೇಲೆ ದಾರಿಯಲ್ಲಿರುವವರಿಗೆ ಮತ್ತೆ ಫೋನ್ ಮಾಡಬೇಡಿ.

ನಮಸ್ಕಾರ.